ಬೆಟ್ಟ ಕಾಣುವ ಬ್ಯಾಟ್ರಿ

ಕರ್ನಾಟಕ ಸರ್ಕಾರ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟನ್ನು ಪುಕ್ಕಟೆ ಕೊಡುತ್ತದೆ. ಮನೆಗೆ ಇನ್ನೂರು ಯೂನಿಟ್‌ವರೆಗೆ ಗೃಹಜ್ಯೋತಿ ಇದೆ. ಮನೆಗೂ ಪಂಪ್‌ಸೆಟ್ಟಿಗೂ ನಡುವೆ ಇರುವ ಬದುವಿನ ದಾರಿಗೆ ಮಾತ್ರ ಯಾವ ಜ್ಯೋತಿಯೂ ಇಲ್ಲ. ಅಷ್ಟು ದೂರದ ಬೆಳಕನ್ನು ರೈತ ಸ್ವಂತ ದುಡ್ಡಿನಲ್ಲೇ ಕೊಳ್ಳಬೇಕು. ಹಾಗಾಗಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಪೆರೇಸಂದ್ರದ ಸುತ್ತಮುತ್ತ ಗುದ್ದಲಿ, ಕುಡುಗೋಲು, ಸ್ಪ್ರೇಯರುಗಳ ಸಾಲಿನಲ್ಲಿ ಬ್ಯಾಟ್ರಿಯೂ ವ್ಯವಸಾಯದ ಸಲಕರಣೆಯಾಗಿ ಸೇರಿಕೊಂಡಿದೆ.

ಇಲ್ಲಿನ ಕತ್ತಲೆಯದೂ ಒಂದು ಗತ್ತು. ಬೆಂಗಳೂರು–ಹೈದರಾಬಾದ್ ಹೆದ್ದಾರಿ, ಈಗಿನ ಎನ್‌ಎಚ್ 44, ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ರಾತ್ರಿಯಿಡೀ ಸ್ಲೀಪರ್ ಬಸ್ಸುಗಳು, ಲಾರಿಗಳು ಹೈಬೀಮ್ ಹಾಕಿಕೊಂಡು ಬಾಗೇಪಲ್ಲಿ ದಿಕ್ಕಿಗೆ ಓಡುತ್ತಿರುತ್ತವೆ. ಆ ಬೆಳಕೆಲ್ಲ ಆಂಧ್ರ, ತೆಲಂಗಾಣಕ್ಕೆ ಸೇರಿದ್ದು. ನಮ್ಮದು ಬರೀ ಕಣ್ಣು ಕುಕ್ಕಿಸಿಕೊಳ್ಳುವ ಭಾಗ್ಯ. ಕ್ರಾಸಿನಲ್ಲಿ ಗುಡಿಬಂಡೆ ರಸ್ತೆಗೆ ತಿರುಗಿ, ಒಂದು ಮಣ್ಣುದಾರಿಗೆ ಇಳಿದು ಐವತ್ತು ಹೆಜ್ಜೆ ಹಾಕಿದರೆ ಅಂಗೈ ಕಾಣದ ಕತ್ತಲು. ಅಲ್ಲೆಲ್ಲೋ ಒಂದು ಕೊಳವೆಬಾವಿ. ನೀರಿರುವುದು ಸಾವಿರ, ಸಾವಿರದೈನೂರು ಅಡಿ ಕೆಳಗೆ. ಅದನ್ನು ಮೇಲೆತ್ತಲು ತ್ರೀ ಫೇಸ್ ಬೇಕು. ತ್ರೀ ಫೇಸಿಗೆ ಪಾಳಿ ಉಂಟು. ದಿನಕ್ಕೆ ಏಳು ಗಂಟೆ ಅನ್ನುವುದು ಲೆಕ್ಕ. ಆ ಏಳರಲ್ಲಿ ಸೂರ್ಯನ ಪಾಲೆಷ್ಟು, ಗೂಬೆಯ ಪಾಲೆಷ್ಟು ಅನ್ನುವುದು ಆಯಾ ಫೀಡರಿನ ಹಣೆಬರಹ.

ಪೇಟೆಯ ಜಾಣರು ಇಲ್ಲಿ ಅಡ್ಡ ಬರುತ್ತಾರೆ. ರಾತ್ರಿ ಎರಡು ಗಂಟೆಗೆ ಯಾಕೆ ಹೋಗಬೇಕು, ಆಟೋ ಸ್ಟಾರ್ಟರ್ ಹಾಕಿಸಿಕೊಂಡರೆ ಆಯಿತಲ್ಲ? ಮೊಬೈಲಿನಿಂದಲೇ ಮೋಟಾರು ಶುರುಮಾಡುವ ಡಬ್ಬಾನೂ ಬಂದಿದೆಯಂತಲ್ಲ? ಬಂದಿದೆ ಸ್ವಾಮಿ. ಊರಿನ ಎಲ್ಲಾ ಆಟೋ ಸ್ಟಾರ್ಟರುಗಳೂ ಕರೆಂಟು ಬಂದ ಕ್ಷಣಕ್ಕೇ ಒಟ್ಟಿಗೆ ಎದ್ದು ನಿಂತರೆ ಟ್ರಾನ್ಸ್‌ಫಾರ್ಮರು ಮಲಗುತ್ತದೆ. ಮಲಗಿದ ಟ್ರಾನ್ಸ್‌ಫಾರ್ಮರನ್ನು ಎಬ್ಬಿಸಲು ಎಷ್ಟು ದಿನ ಅನ್ನುವುದನ್ನು ಯಾವ ಆ್ಯಪೂ ಹೇಳುವುದಿಲ್ಲ. ಮೋಟಾರು ತಾನಾಗಿ ಓಡಿದರೂ ಹಿಪ್ಪುನೇರಳೆ ತೋಟದ ಗೇಟ್‌ವಾಲ್ವ್ ಮುಚ್ಚಿ ದ್ರಾಕ್ಷಿಯ ಗೇಟ್‌ವಾಲ್ವ್ ತಿರುಗಿಸಲು ಒಬ್ಬ ಮನುಷ್ಯ ಬೇಕು. ಡ್ರಿಪ್ ಪೈಪನ್ನು ಇಲಿ ಕಡಿದು ಕಾರಂಜಿ ಎದ್ದಿದ್ದರೆ ಅದನ್ನು ಕಟ್ಟಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಎರಡು ಕಾಲುಗಳಿವೆ. ಅವನ ಅರ್ಜಿ ಇಷ್ಟೇ: ಆ ಕಾಲು ಇಡುವ ಜಾಗ ಕಾಣಬೇಕು.

ಈ ಸಣ್ಣ ಅರ್ಜಿಗೆ ಮಾರುಕಟ್ಟೆ ಏನು ಉತ್ತರ ಕೊಡುತ್ತದೆ ನೋಡಿ. ಹೆದ್ದಾರಿಯ ಪಕ್ಕ ಟಾರ್ಪಾಲು ಹಾಸಿ ಬ್ಯಾಟ್ರಿ ಮಾರುವ ಹುಡುಗ ಒಂದು ಕರೀ ಲೋಹದ ತುಂಡನ್ನು ಎತ್ತಿ ಹಿಡಿಯುತ್ತಾನೆ.

"ತಗೊಳಣ್ಣ, ಹತ್ತು ಸಾವ್ರ ಲ್ಯೂಮೆನ್. ಇಲ್ಲಿಂದ ಹಾಕಿದ್ರೆ ವರ್ಲಕೊಂಡ ಬೆಟ್ಟದ ಬಂಡೆ ಕಾಣುತ್ತೆ."

ಕೊಳ್ಳಲು ಬಂದ ಹಿರಿಯರು ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಕೇಳುತ್ತಾರೆ: "ಬೆಟ್ಟ ನಮ್ಮಪ್ಪನ ಕಾಲ್ದಿಂದ ಅಲ್ಲೇ ಅದೆ ಕಣಪ್ಪ. ಎಲ್ಲಿಗೂ ಓಡೋಗಲ್ಲ. ಕಾಲ್ತಾವ ಹಾವಿದ್ರೆ ಕಾಣುತ್ತಾ?"

"ಹಾವೇನಣ್ಣ, ಇರುವೇನೂ ಕಾಣುತ್ತೆ."

"ಎಷ್ಟೊತ್ತು ಉರಿಯುತ್ತೆ?"

"ಡಬ್ಬದ ಮೇಲೆ ಹಾಕವ್ರೆ ನೋಡಣ್ಣ. ಇಪ್ಪತ್ತು ಗಂಟೆ."

ಡಬ್ಬದ ಮೇಲೆ ಹಾಕಿರುವುದು ನಿಜ. ಅದೂ ಚಿನ್ನದ ಬಣ್ಣದ ಅಕ್ಷರದಲ್ಲಿ. ಆದರೆ ಇಂಥ ಡಬ್ಬದ ಅಂಕಿಗಳನ್ನು ಒಂದಕ್ಕೊಂದು ಗುಣಿಸುವ ಚಪಲ ಯಾರಿಗೂ ಬರುವುದಿಲ್ಲ. ಬಂದರೆ ಭಾರಿ ಮಜಾ ಇದೆ. ಇವತ್ತಿನ ಒಳ್ಳೆಯ ಎಲ್‌ಇಡಿ ಒಂದು ವಾಟ್ ಕರೆಂಟಿಗೆ ಸುಮಾರು ನೂರು ಲ್ಯೂಮೆನ್ ಬೆಳಕು ಕೊಡುತ್ತದೆ. ಹತ್ತು ಸಾವಿರ ಲ್ಯೂಮೆನ್ ಬೇಕಾದರೆ ನೂರು ವಾಟ್. ನೂರು ವಾಟನ್ನು ಇಪ್ಪತ್ತು ಗಂಟೆ ಉರಿಸಿದರೆ ಎರಡು ಸಾವಿರ ವಾಟ್-ಗಂಟೆ, ಅಂದರೆ ಮೀಟರಿನ ಭಾಷೆಯಲ್ಲಿ ಎರಡು ಯೂನಿಟ್. ಅಂಗಿ ಜೇಬಿನಲ್ಲಿ ಎರಡು ಯೂನಿಟ್ ಕರೆಂಟು! ಹತ್ತು ಎಚ್‌ಪಿ ಮೋಟಾರನ್ನು ಅದರಿಂದ ಕಾಲು ಗಂಟೆ ಓಡಿಸಬಹುದು. ಹಾಗಿದ್ದ ಮೇಲೆ ಬೆಸ್ಕಾಂ ಯಾಕೆ, ಪಾಳಿ ಯಾಕೆ, ರಾತ್ರಿ ಎರಡಕ್ಕೆ ಏಳುವುದು ಯಾಕೆ? ಬ್ಯಾಟ್ರಿಯನ್ನೇ ನೇರವಾಗಿ ಬೋರ್‌ವೆಲ್ಲಿಗೆ ಕಟ್ಟಿ ಮನೆಗೆ ಬಂದು ಮಲಗಬಹುದಲ್ಲ.

ಒಳಗೆ ಬಿಚ್ಚಿ ನೋಡಿದರೆ ಇರುವುದು ಒಂದೇ ಒಂದು ಲಿಥಿಯಂ ಸೆಲ್ಲು. ಅದರ ಹೆಸರು 18650. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ದುಂಡಗಿದೆ ಅಂತ. ಇಡೀ ಬ್ಯಾಟ್ರಿಯಲ್ಲಿ ಸುಳ್ಳು ಹೇಳದ ಅಂಕಿ ಅದೊಂದೇ. ಅದರ ಪಕ್ಕದಲ್ಲೇ 9800 ಎಂಎಎಚ್ ಅಂತ ಇನ್ನೊಂದು ಅಂಕಿ ಕೂತಿರುತ್ತದೆ. ಆ ಅಳತೆಯ ಒಳ್ಳೆಯ ಸೆಲ್ಲಿಗೆ ಎರಡೂವರೆ ಸಾವಿರದಿಂದ ಮೂರೂವರೆ ಸಾವಿರದವರೆಗೆ ಬಂದರೆ ಅದೇ ದೊಡ್ಡದು. ಉಳಿದದ್ದು ಅಚ್ಚು ಹಾಕಿದವನ ಔದಾರ್ಯ. ಮೂರು ಸಾವಿರ ಎಂಎಎಚ್‌ನ ಅಸಲಿ ಸೆಲ್ಲೊಂದರಲ್ಲಿ ಇರುವುದು ಸುಮಾರು ಹನ್ನೊಂದು ವಾಟ್-ಗಂಟೆ. ಡಬ್ಬದ ಮಾತು ನಿಜವಾಗಬೇಕಾದರೆ ಅಂಥ ನೂರೆಂಬತ್ತು ಸೆಲ್ಲುಗಳನ್ನು ತುಂಬಬೇಕು. ತೂಕ ಎಂಟು ಕೆಜಿ ದಾಟುತ್ತದೆ. ಅಷ್ಟು ಭಾರದ ಬ್ಯಾಟ್ರಿ ಕೈಯಲ್ಲಿದ್ದರೆ ಬೆಳಕಿನ ಅಗತ್ಯವೇ ಇಲ್ಲ, ಹಾವಿನ ಮೇಲೆ ಎತ್ತಿಹಾಕಿದರೆ ಸಾಕು.

ಆ ಹನ್ನೊಂದು ವಾಟ್-ಗಂಟೆಯನ್ನು ಹೇಗೆ ಖರ್ಚು ಮಾಡುತ್ತೀರಿ ಅನ್ನುವುದಷ್ಟೇ ನಿಮ್ಮ ಕೈಲಿರುವುದು. ಗುಡಿಬಂಡೆಯ ಅಮಾನಿ ಬೈರಸಾಗರದಂಥ ಕೆರೆಗಳಿಗೆ ಹಿಂದೆ ನೀರಗಂಟಿ ಇರುತ್ತಿದ್ದ. ಕೆರೆಯಲ್ಲಿ ಇರುವ ನೀರು ಇಷ್ಟು, ಪೈರು ಕೊಯ್ಲಿಗೆ ಬರಲು ದಿನ ಇಷ್ಟು, ಆದ್ದರಿಂದ ತೂಬು ಎತ್ತುವುದು ಇಷ್ಟೇ ಅಂತ ಅವನ ಲೆಕ್ಕ. ತೂಬನ್ನು ಪೂರ್ತಿ ಎತ್ತಿದರೆ ಮೊದಲ ದಿನ ಕಾಲುವೆ ಭೋರ್ಗರೆಯುತ್ತದೆ, ಊರವರು ಶಿಳ್ಳೆ ಹೊಡೆಯುತ್ತಾರೆ, ತಿಂಗಳೊಪ್ಪತ್ತಿಗೆ ಪೈರು ಒಣಗುತ್ತದೆ. ಸೆಲ್ಲಿನದೂ ಅದೇ ನ್ಯಾಯ. ಸಾವಿರ ಲ್ಯೂಮೆನ್ ಹಾಕಿದರೆ ಒಂದು ಗಂಟೆ ಚಿಲ್ಲರೆ. ನೂರು ಲ್ಯೂಮೆನ್ ಹಾಕಿದರೆ ಹತ್ತು ಹನ್ನೊಂದು ಗಂಟೆ. ಇಪ್ಪತ್ತಕ್ಕೆ ಇಳಿಸಿದರೆ ಎರಡು ಹಗಲು ಎರಡು ರಾತ್ರಿ ದಾಟುತ್ತದೆ. ಹೆಚ್ಚು ಬೆಳಕು, ಹೆಚ್ಚು ಹೊತ್ತು, ಚಿಕ್ಕ ಜೇಬು: ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ ಅನ್ನುತ್ತದೆ ವಿಜ್ಞಾನ. ಮೂರೂ ಕೊಡುತ್ತೇನೆ ಅನ್ನುವವನು ವ್ಯಾಪಾರಿ. ಜತೆಗೆ ಇನ್ನೊಂದು ಉಚಿತ ಅನ್ನುವವನು ಅಭ್ಯರ್ಥಿ.

ದುಬಾರಿ ಕಂಪನಿಯ ಅಸಲಿ ಬ್ಯಾಟ್ರಿಗಳಲ್ಲಿ ಇಂಥ ಮೋಸ ಇಲ್ಲ ಅಂತ ಬೆಂಗಳೂರಿನಲ್ಲಿ ಓದಿಕೊಂಡವರು ವಾದ ಹೂಡುತ್ತಾರೆ. ಅವುಗಳಿಗೆ ಅಮೆರಿಕದಲ್ಲಿ 2009ರಲ್ಲಿ ಮಾಡಿದ ಒಂದು ಮಾನದಂಡ ಇದೆ, ಎಎನ್‌ಎಸ್‌ಐ ಎಫ್‌ಎಲ್ 1 ಅಂತ. ಅಲ್ಲಿ ಸುಳ್ಳಿಲ್ಲ, ನಿಜ. ಆದರೆ ಸತ್ಯವನ್ನು ಎಷ್ಟು ನಾಜೂಕಾಗಿ ಮಡಿಸಿ ಇಟ್ಟಿದ್ದಾರೆ ನೋಡಿ. ಬ್ಯಾಟ್ರಿ ಹಾಕಿ ಮೂವತ್ತು ಸೆಕೆಂಡ್ ಕಳೆದ ಮೇಲೆ ಬೆಳಕು ಅಳೆಯಬೇಕು. ಅಲ್ಲಿಂದ ಶುರುಮಾಡಿ, ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಕುಸಿಯುವವರೆಗಿನ ಸಮಯವೆಲ್ಲ ಉರಿದ ಹೊತ್ತು. ಅಂದರೆ ಸಾವಿರ ಲ್ಯೂಮೆನ್ ಅಂತ ಹೇಳಿಕೊಂಡ ಬ್ಯಾಟ್ರಿ ಬಿಸಿ ತಡೆಯಲಾರದೆ ಕೆಲವೇ ನಿಮಿಷಗಳಲ್ಲಿ ಮುನ್ನೂರಕ್ಕೆ ಇಳಿದು, ಕೊನೆಗೆ ನೂರಾ ಒಂದಕ್ಕೆ ಬಂದು ಏದುಸಿರು ಬಿಡುತ್ತಿದ್ದರೂ ಕಾಗದದ ಮೇಲೆ ಅದು ಇನ್ನೂ ಸಾವಿರ ಲ್ಯೂಮೆನ್ನಿನ ಬ್ಯಾಟ್ರಿಯೇ, ಇನ್ನೂ ಉರಿಯುತ್ತಲೇ ಇದೆ. ಬೆಳಕು ಎಷ್ಟು ದೂರ ಬೀಳುತ್ತದೆ ಅನ್ನುವುದಕ್ಕೂ ಇಂಥದೇ ಲೆಕ್ಕ. ಎಷ್ಟು ದೂರದಲ್ಲಿ ಕಾಲು ಲಕ್ಸ್ ಬೆಳಕು ಉಳಿದಿರುತ್ತದೋ ಅದೇ ಅದರ ದೂರ. ಕಾಲು ಲಕ್ಸ್ ಅಂದರೆ ಹೆಚ್ಚುಕಮ್ಮಿ ಹುಣ್ಣಿಮೆಯ ಬೆಳದಿಂಗಳು. ಮುನ್ನೂರು ಮೀಟರ್ ಅಂತ ನಂಬಿ ದುಡ್ಡು ಕೊಟ್ಟವನಿಗೆ ಆ ತುದಿಯಲ್ಲಿ ಸಿಗುವುದು ಚಂದ್ರ ಪುಕ್ಕಟೆ ಕೊಡುವಷ್ಟೇ. ಚಂದ್ರನಿಗೆ ಚಾರ್ಜರ್ ಬೇಕಾಗಿಲ್ಲ ಅನ್ನುವುದು ಬೇರೆ ಮಾತು.

ಈ ಮಾನದಂಡವನ್ನು ಬರೆದವರು ನಮ್ಮ ಕಡೆಯವರೇ ಇರಬೇಕು ಅನ್ನುವ ಗುಮಾನಿ ನನಗೆ. ಮೊದಲ ಮೂವತ್ತು ಸೆಕೆಂಡಿನ ಬೆಳಕನ್ನೇ ಬ್ಯಾನರಿಗೆ ಹಾಕಿ, ಹತ್ತನೇ ಒಂದು ಭಾಗ ಉಳಿಯುವವರೆಗೂ "ಯೋಜನೆ ಪ್ರಗತಿಯಲ್ಲಿದೆ" ಅನ್ನುವ ಕಲೆಯನ್ನು ಬಯಲುಸೀಮೆಗಿಂತ ಚೆನ್ನಾಗಿ ಬಲ್ಲವರು ಯಾರು? ಎತ್ತಿನಹೊಳೆ ನೀರಿನ ಯೋಜನೆಯ ಶಂಕುಸ್ಥಾಪನೆ ಆದದ್ದು ಇದೇ ಚಿಕ್ಕಬಳ್ಳಾಪುರದಲ್ಲಿ, 2014ರಲ್ಲಿ. 24 ಟಿಎಂಸಿ ನೀರು, 12,912 ಕೋಟಿ ರೂಪಾಯಿ. ಎಂಥ ಬೆಳಕು! ಕಣ್ಣು ಕೋರೈಸಿತು. ಆಮೇಲೆ ಅಂದಾಜು 23,251 ಕೋಟಿಗೆ ಏರಿತು. ಬ್ಯಾಟ್ರಿಯಲ್ಲಾದರೆ ಹೊತ್ತು ಹೋದಂತೆ ಅಂಕಿ ಇಳಿಯುತ್ತದೆ, ಇಲ್ಲಿ ಏರುತ್ತದೆ. ಸರ್ಕಾರಕ್ಕೂ ಎಲ್‌ಇಡಿಗೂ ಇರುವ ತಾಂತ್ರಿಕ ವ್ಯತ್ಯಾಸ ಅದು. 2024ರ ಸೆಪ್ಟೆಂಬರಿನಲ್ಲಿ ಗೌರಿ ಹಬ್ಬದ ದಿನ ಮೊದಲ ಹಂತದ ಉದ್ಘಾಟನೆಯಾಯಿತು, ಸಕಲೇಶಪುರದ ಕಡೆ. ಅಲ್ಲಿ ಬಿಟ್ಟ ಬೆಳಕು ಇಲ್ಲಿಗೆ ತಲುಪಿದಾಗ ಕಾಲು ಲಕ್ಸಾದರೂ ಉಳಿದಿರುತ್ತದೆಯೇ ಅನ್ನುವುದನ್ನು ಅಳೆಯಲು ಯಾವ ಮಾನದಂಡವೂ ಬಂದಿಲ್ಲ. ಸದ್ಯಕ್ಕೆ ನಮ್ಮ ಕೆರೆಗಳಿಗೆ ಬರುತ್ತಿರುವುದು ಹೆಬ್ಬಾಳ–ನಾಗವಾರ ಕಣಿವೆಯಲ್ಲಿ ಬೆಂಗಳೂರಿನವರು ತೊಳೆದು ಬಿಟ್ಟದ್ದನ್ನು ಶುದ್ಧೀಕರಿಸಿದ ನೀರು. ಅದರ ಹೊತ್ತಿನ ಬಗ್ಗೆ ಮಾತ್ರ ಚಿಂತೆಯಿಲ್ಲ. ಬೆಂಗಳೂರಿಗೆ ಹೊಟ್ಟೆ ಇರುವವರೆಗೂ ಬರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಎಷ್ಟು ಹೊತ್ತು ಉರಿಸಬೇಕು ಅನ್ನುವುದನ್ನು ಮೊದಲೇ ಖಚಿತವಾಗಿ ಸಾರಿದ ಉದಾಹರಣೆ ಒಂದಿದೆ. ಕೊರೊನಾ ಕಾಲದ 2020ರ ಏಪ್ರಿಲ್ 5, ರಾತ್ರಿ ಒಂಬತ್ತು ಗಂಟೆಗೆ, ಒಂಬತ್ತು ನಿಮಿಷದ ಹೊತ್ತು. ಮನೆಯ ದೀಪ ಆರಿಸಿ ಹಣತೆ, ಮೇಣದಬತ್ತಿ, ಟಾರ್ಚು ಅಥವಾ ಮೊಬೈಲಿನ ಬೆಳಕು ಹಿಡಿಯಿರಿ ಅಂತ ಪ್ರಧಾನಿ ಕರೆ ಕೊಟ್ಟರು. ದೇಶ ಹಿಡಿಯಿತು. ರಾತ್ರಿ ಪಾಳಿಯ ರೈತ ಅದನ್ನೇ ತಿಂಗಳುಗಟ್ಟಲೆ ಹಿಡಿಯುತ್ತಿದ್ದಾನೆ, ಅವನನ್ನು ಯಾವ ಚಾನೆಲ್ಲೂ ನೇರಪ್ರಸಾರ ಮಾಡಲಿಲ್ಲ. ಬ್ಯಾಟರಿ ಟಾರ್ಚು ಚುನಾವಣಾ ಆಯೋಗದ ಪಟ್ಟಿಯಲ್ಲಿ ಒಂದು ಚಿಹ್ನೆ ಕೂಡ ಹೌದು. 2019ರಲ್ಲಿ ಪಕ್ಕದ ತಮಿಳುನಾಡಿನ ಕಮಲ್ ಹಾಸನ್ ಪಕ್ಷಕ್ಕೆ ಅದನ್ನೇ ಕೊಟ್ಟಿದ್ದರು. ಆ ಚಿಹ್ನೆಗೆ ಸೆಲ್ಲು ಯಾರು ಹಾಕುತ್ತಾರೆ ಅನ್ನುವುದು ಮಾತ್ರ ನೀತಿಸಂಹಿತೆಯಲ್ಲಿ ಇಲ್ಲ.

ಇನ್ನು ಮನೆಯೊಳಗಿನ ವಿಷಯ. ಈ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಈಗಲೂ ಒಂದು ಎವರೆಡಿ ಬ್ಯಾಟ್ರಿ ಸಿಗುತ್ತದೆ. ಎರಡು ದೊಡ್ಡ ಸೆಲ್ಲಿನದು. ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದರೆ ಒಂದು ಸ್ಪ್ರಿಂಗು, ಆ ಸ್ಪ್ರಿಂಗಿನ ಹೊಟ್ಟೆಯಲ್ಲಿ ಜೋಪಾನವಾಗಿ ಕೂತಿರುವ ಒಂದು ಹೆಚ್ಚುವರಿ ಬಲ್ಬು. ಬಲ್ಬು ಸಾಯುತ್ತದೆ, ಸತ್ತಾಗ ನೀನು ಕತ್ತಲಲ್ಲಿ ನಿಂತಿರುತ್ತೀಯ ಅಂತ ಮೊದಲೇ ಯೋಚಿಸಿ ಅದನ್ನು ಅಲ್ಲಿಟ್ಟ ಪುಣ್ಯಾತ್ಮ ಯಾರೋ. ಬೆಳಕು ಹತ್ತು ಲ್ಯೂಮೆನ್ ಆಸುಪಾಸು, ಬಣ್ಣ ಹಳದಿ, ನಡುವೆ ಒಂದು ಕಪ್ಪು ಚುಕ್ಕೆ. ಸೆಲ್ಲು ಸೋತರೆ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸುವುದು. ಸಂಜೆ ಹಾಕಿದರೆ ಇನ್ನೊಂದು ಸುತ್ತು ತೋಟಕ್ಕೆ ಹೋಗಿಬರುವಷ್ಟು ಜೀವ. ಸಂಪೂರ್ಣ ಸತ್ತ ಸೆಲ್ಲು ಮಕ್ಕಳ ಆಟಕ್ಕೆ.

ದೇವನಹಳ್ಳಿ ಕಡೆ ಕೆಲಸಕ್ಕಿರುವ ಮೊಮ್ಮಗ ಹಬ್ಬಕ್ಕೆ ಬರುವಾಗ ಆನ್‌ಲೈನಿನಲ್ಲಿ ತರಿಸಿದ ಕರೀ ಬ್ಯಾಟ್ರಿ ತಂದಿರುತ್ತಾನೆ. ಕೋಟೆಯ ಗೋಡೆಯಂತೆ ಹಲ್ಲುಹಲ್ಲಿನ ಮುಖ.

"ತಾತ, ಇದು ಮಿಲಿಟರಿಯೋರು ಇಟ್ಕೊಳೋದು. ಮುಖಕ್ಕೆ ಬಿಟ್ರೆ ಶತ್ರು ಕಣ್ಣು ಮಂಜಾಗೋಗುತ್ತೆ."

"ನಮ್ ತೋಟಕ್ಕೆ ಶತ್ರು ಬರಲ್ಲ ಕಣೋ, ಕಾಡುಹಂದಿ ಬರುತ್ತೆ. ಅದ್ಕೆ ಕಣ್ಣು ಮಂಜಾದ್ರೆ ಸೀದಾ ನನ್ ಮೇಲೇ ಬರುತ್ತೆ."

ಮೊಮ್ಮಗ ಸೋಲುವುದಿಲ್ಲ. ಐದು ಮೋಡ್ ಇದೆ ಅಂತ ತೋರಿಸುತ್ತಾನೆ. ಒಂದೇ ಗುಂಡಿ. ಒಮ್ಮೆ ಒತ್ತಿದರೆ ಜೋರು, ಇನ್ನೊಮ್ಮೆ ಒತ್ತಿದರೆ ಮಧ್ಯಮ, ಇನ್ನೊಮ್ಮೆ ಮಂದ, ಇನ್ನೊಮ್ಮೆ ಒತ್ತಿದರೆ ಆರ್ಕೆಸ್ಟ್ರಾದ ವೇದಿಕೆಯ ಹಾಗೆ ಮಿಣಮಿಣ, ಕೊನೆಗೆ ಎಸ್‌ಒಎಸ್. ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ಮುಳುಗುವ ಹಡಗಿನವರು ಸಹಾಯಕ್ಕೆ ಕೂಗುವ ಸಂಜ್ಞೆ. ಸಮುದ್ರದಿಂದ ನೂರಾರು ಕಿಲೋಮೀಟರು ದೂರದ, ನದಿಯೆಂದರೆ ಮರಳು ಅಂತಲೇ ತಿಳಿದಿರುವ ಈ ಸೀಮೆಯಲ್ಲಿ ನಡುರಾತ್ರಿ ಒದ್ದೆ ಕೈಯಲ್ಲಿ ಸ್ಟಾರ್ಟರ್ ಡಬ್ಬದ ಬಾಗಿಲು ತೆಗೆಯುತ್ತಿರುವವನ ಬ್ಯಾಟ್ರಿ ಇದ್ದಕ್ಕಿದ್ದಂತೆ ತಾನು ಹಡಗು, ಮುಳುಗುತ್ತಿದ್ದೇನೆ ಅಂತ ಕೂಗತೊಡಗುತ್ತದೆ. ಯಾರಿಗೆ? ಲೈನ್‌ಮ್ಯಾನ್ ಫೋನಿಗೇ ಸಿಗುವುದಿಲ್ಲ, ಮೋರ್ಸ್ ಕೋಡಿಗೆ ಸಿಗುತ್ತಾನೆಯೇ? ಮಂದ ಬೆಳಕಿಗೆ ವಾಪಸು ಬರಬೇಕಾದರೆ ಆ ಐದನ್ನೂ ಮತ್ತೆ ಪ್ರದಕ್ಷಿಣೆ ಹಾಕಬೇಕು. ಬೇಕಾದದ್ದು ಒಂದು, ಕೊಟ್ಟದ್ದು ಐದು. ನಮಗೆ ಈ ಅನುಭವ ಹೊಸದಲ್ಲ ಅಂತಲೋ ಏನೋ, ಯಾರೂ ತಕರಾರು ಮಾಡುವುದಿಲ್ಲ.

ಜೋರು ಬೆಳಕಿನ ನಿಜವಾದ ಅಪಾಯ ಬೇರೆಯೇ ಇದೆ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಬದುವಿನ ಮೇಲೆ ನಡೆದು ಬರುವಷ್ಟರಲ್ಲಿ ಕಣ್ಣು ಒಂದಿಷ್ಟು ಪಳಗಿರುತ್ತದೆ. ಅಷ್ಟರಲ್ಲಿ ಸಾವಿರ ಲ್ಯೂಮೆನ್ನನ್ನು ಬಿಳಿ ಬಣ್ಣದ ಸ್ಟಾರ್ಟರ್ ಡಬ್ಬಕ್ಕೆ ಬಿಟ್ಟಿರಿ ಅನ್ನಿ, ಅದು ತಿರುಗಿ ನಿಮ್ಮ ಕಣ್ಣಿಗೇ ಹೊಡೆದು ಗಳಿಸಿದ್ದನ್ನೆಲ್ಲ ಕ್ಷಣದಲ್ಲಿ ಕಳೆದುಹಾಕುತ್ತದೆ. ಬ್ಯಾಟ್ರಿ ಆರಿದ ಮೇಲೆ ನೀವು ಬರುವಾಗ ಇದ್ದದ್ದಕ್ಕಿಂತ ಹೆಚ್ಚು ಕುರುಡರು. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅನ್ನುತ್ತಾರಲ್ಲ, ಬೋರ್‌ವೆಲ್ಲುಗಳು ಬಂದ ಮೇಲೆ ಬತ್ತಿ ಬಾಯಿ ತೆರೆದು ಮಲಗಿರುವ ತೆರೆದ ಬಾವಿಗಳು ಈ ಕಡೆಯ ತೋಟಗಳ ಅಂಚಿನಲ್ಲಿ ಈಗಲೂ ಇವೆ. ಗಾದೆ ಇಲ್ಲಿ ಗಾದೆಯಾಗಿ ಉಳಿದಿಲ್ಲ.

ಬೆಳಕನ್ನು ಹೆಚ್ಚಿಸಿದಷ್ಟೂ ಲಾಭ ಹೆಚ್ಚುವುದಿಲ್ಲ ಅನ್ನುವುದು ಇನ್ನೊಂದು ಸಂಗತಿ. ಕಣ್ಣಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ನಾಲ್ಕರಷ್ಟು ಬೆಳಕು ಸುರಿಯಬೇಕು. ಎರಡರಷ್ಟು ದೂರ ಬೀಳಬೇಕಾದರೂ ನಾಲ್ಕರಷ್ಟು ತೀಕ್ಷ್ಣತೆ ಬೇಕು. ಸೆಲ್ಲಿನ ಆಯಸ್ಸನ್ನು ನಾಲ್ಕನೇ ಒಂದಕ್ಕೆ ಇಳಿಸಿ ಕೊಂಡುಕೊಂಡ ಆ ಹೆಚ್ಚಿನ ದೂರದಲ್ಲಿ ಇರುವುದೇನು? ಬೆಟ್ಟ. ಅದೂ ಮಲಗಿದೆ.

ಕೊಳಕುಮಂಡಲ ಇರುವುದು ಬೆಟ್ಟದಲ್ಲಲ್ಲ, ಮುಂದಿನ ಹೆಜ್ಜೆಯಲ್ಲಿ. ಅದು ಸಾಮಾನ್ಯವಾಗಿ ದಾರಿ ಬಿಟ್ಟು ಓಡುವುದಿಲ್ಲ; ಒಣಗಿದ ಎಲೆ, ಮಣ್ಣುಹೆಂಟೆಯ ನಡುವೆ ಅದೇ ಬಣ್ಣದಲ್ಲಿ ಸುರುಳಿ ಸುತ್ತಿ ಬಿದ್ದಿರುತ್ತದೆ. ಅಗ್ಗದ ಬ್ಯಾಟ್ರಿಯ ನೀಲಿಬಿಳಿ ಬೆಳಕಿನಲ್ಲಿ ಎಲೆ, ಮಣ್ಣು, ಹಾವಿನ ಬೆನ್ನು ಮೂರೂ ಒಂದೇ ಬೂದಿ. ಸ್ವಲ್ಪ ಹಳದಿ ಬೆರೆತ, ಕಾಲಿನ ಸುತ್ತ ಅಗಲವಾಗಿ ಹರಡುವ ಬೆಳಕಾದರೆ ಕಂದು ಚುಕ್ಕೆಗಳು ಬೇರೆಯಾಗಿ ಕಾಣುತ್ತವೆ. ಇಷ್ಟಕ್ಕೆ ಐವತ್ತು ಲ್ಯೂಮೆನ್ ಸಾಕು, ನೂರಿದ್ದರೆ ಧಾರಾಳ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಘೋಷಿಸಿತು. ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಆದರೆ ಆ ನಮೂನೆಯಲ್ಲಿ ಇನ್ನೊಂದು ಕಾಲಂ ಸೇರಿಸಿದ್ದರೆ ಚೆನ್ನಾಗಿತ್ತು: ಕಚ್ಚಿದಾಗ ಕರೆಂಟಿನ ಪಾಳಿ ಯಾವುದಿತ್ತು?

ಬ್ಯಾಟ್ರಿ ಆಯ್ಕೆಮಾಡುವ ವಿದ್ಯೆಯಲ್ಲಿ ಈ ಜಿಲ್ಲೆಯ ನಿಜವಾದ ಪಂಡಿತರು ಹೂ ಬಿಡಿಸುವ ಹೆಂಗಸರು. ಬೆಳಗಿನ ಮಾರ್ಕೆಟ್ಟಿಗೆ ಸೇವಂತಿಗೆ, ಗುಲಾಬಿ ತಲುಪಬೇಕಾದರೆ ಕೋಳಿ ಕೂಗುವ ಮೊದಲೇ ತೋಟಕ್ಕೆ ಇಳಿಯಬೇಕು. ಎರಡೂ ಕೈಗೆ ಕೆಲಸ, ಆದ್ದರಿಂದ ಬ್ಯಾಟ್ರಿ ತಲೆಗೆ. ಎಲಾಸ್ಟಿಕ್ ಪಟ್ಟಿ ಸಡಿಲವಾಗದಂತೆ ಅದರ ಮೇಲೊಂದು ಟವಲು. ಅವರಲ್ಲೊಬ್ಬರನ್ನು ಲ್ಯೂಮೆನ್ ಬಗ್ಗೆ ಕೇಳಿ ನೋಡಿ. "ಬೆಳಕು ಜಾಸ್ತಿ ಆದ್ರೆ ಮೊಗ್ಗೂ ಹೂವೂ ಒಂದೇ ತರ ಬೆಳ್ಳಗೆ ಕಾಣ್ತವೆ ಕಣಣ್ಣ. ತೋಟದ ಕೊನೆ ಸಾಲ್ಗಂಟ ಉರಿದ್ರೆ ಸಾಕು" ಅನ್ನುತ್ತಾರೆ. ಮಾನದಂಡದ ಸಮಿತಿಯಲ್ಲಿ ಇವರಲ್ಲೊಬ್ಬರನ್ನು ಕೂರಿಸಿದ್ದರೆ ಮೂವತ್ತು ಸೆಕೆಂಡು, ಹತ್ತನೇ ಒಂದು ಭಾಗ ಅಂತೆಲ್ಲ ಬರೆಯುವ ಕಷ್ಟವೇ ಇರುತ್ತಿರಲಿಲ್ಲ. ಕೊನೆ ಸಾಲು ಮುಟ್ಟಿತೋ ಇಲ್ಲವೋ, ಅಷ್ಟೇ.

ಈ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಸರ್ಕಾರಿ ಕೆಲಸಕ್ಕೆ ಸರ್ಕಾರಿ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚುತ್ತಿದ್ದರು ಅನ್ನುವ ಕತೆಯನ್ನು ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಭಾಷಣಕ್ಕೆ ಈಗಲೂ ಬಳಸುತ್ತಾರೆ. ಆ ಕತೆಯ ಲೆಕ್ಕದಲ್ಲೇ ನೋಡಿದರೆ, ಸರ್ಕಾರ ಗೊತ್ತುಮಾಡಿದ ಹೊತ್ತಿನಲ್ಲಿ, ಸರ್ಕಾರ ಕೊಡುವ ಕರೆಂಟನ್ನು ಹಾಕಲು ಹೋಗುವ ದಾರಿ ಸರ್ಕಾರಿ ಕೆಲಸವೋ ಸ್ವಂತ ಕೆಲಸವೋ? ಮೇಣದಬತ್ತಿ ಯಾರ ಖರ್ಚು? ಭಾಷಣ ಮಾಡುವವರು ಇದನ್ನೊಂದಿಷ್ಟು ಬಿಡಿಸಿ ಹೇಳಲಿ.

ಕರೆಂಟು ಅನ್ನುವುದು ನಮ್ಮ ಕಡೆಗೆ ಹೊಸದಾಗಿ ಬಂದ ನೆಂಟನೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರು ತಂತಿ ಎಳೆದು ಮೊದಲು ಕರೆಂಟು ಕೊಟ್ಟದ್ದೇ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಮೂರು ವರ್ಷ ಆದ ಮೇಲೆ, 1905ರಲ್ಲಿ. 2007ರಲ್ಲಿ ಬೇರೆಯಾಗುವವರೆಗೆ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯೇ ಆಗಿತ್ತು. ಅಂದರೆ ದೇಶದ ಎಷ್ಟೋ ಪಟ್ಟಣಗಳು ಎಣ್ಣೆ ದೀಪ ಹಚ್ಚುತ್ತಿದ್ದಾಗ ನಮ್ಮ ಜಿಲ್ಲೆಯಲ್ಲಿ ಕರೆಂಟಿತ್ತು. ಗಣಿಯೊಳಗೆ ಹಗಲೂ ಕತ್ತಲೆ ರಾತ್ರಿಯೂ ಕತ್ತಲೆ, ಹಾಗಾಗಿ ಪಾಳಿಯ ತಕರಾರು ಇರಲಿಲ್ಲ. ಚಿನ್ನಕ್ಕೆ ಬೇಕಾದಾಗ ಬರುತ್ತಿದ್ದ ಕರೆಂಟು ಟೊಮೆಟೊಗೆ ತನಗೆ ಬೇಕಾದಾಗ ಬರುತ್ತದೆ.

ಹಗಲಿನಲ್ಲೇ ಪಂಪ್‌ಸೆಟ್ಟಿಗೆ ಕರೆಂಟು ಕೊಡಲು ಕುಸುಮ್-ಸಿ ಅಂತ ಯೋಜನೆಯೊಂದು ಬಂದಿದೆ. ಸಬ್‌ಸ್ಟೇಷನ್ನಿನ ಹತ್ತಿರ ಸೌರಫಲಕ ಹಾಕಿ, ಬಿಸಿಲಿರುವ ಹೊತ್ತಿಗೇ ಫೀಡರಿಗೆ ಕೊಡುವುದು. 2025ರ ಜೂನಿನಲ್ಲಿ ನಮ್ಮದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅದರ ಘಟಕವೊಂದನ್ನು ಉದ್ಘಾಟಿಸಿದರು. ಬಿಸಿಲಿಗೆ ಇಲ್ಲಿ ಬರವಿಲ್ಲ. ಬರ ಬಂದಾಗಲೂ ಬರುವುದು ಅದೊಂದೇ. ಈ ಯೋಜನೆ ಕೊನೆ ಸಾಲಿನವರೆಗೆ ಉರಿದರೆ ಈ ಬರಹ ಕಸಕ್ಕೆ ಹೋಗಲಿ, ನನಗೆ ಬೇಸರವಿಲ್ಲ.

ಅಲ್ಲಿಯವರೆಗೆ ಬ್ಯಾಟ್ರಿ ಕೊಳ್ಳಲೇಬೇಕಾದವರು ಡಬ್ಬದ ಚಿನ್ನದ ಅಕ್ಷರ ಬಿಟ್ಟು, ನೂರು ಲ್ಯೂಮೆನ್ನಿನಲ್ಲಿ ಎಷ್ಟು ಗಂಟೆ ಅಂತ ಕೇಳಿ. ಮಾರುವವನಿಗೆ ಗೊತ್ತಿಲ್ಲದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಮಿಣಮಿಣ ಇಲ್ಲದ್ದು, ಸೆಲ್ಲು ಬಿಚ್ಚಿ ಬೇರೆ ಹಾಕಲು ಬರುವಂಥದ್ದು, ಒತ್ತಿದೊಡನೆ ಮಂದ ಬೆಳಕಿನಿಂದಲೇ ಶುರುವಾಗುವಂಥದ್ದು ಸಿಕ್ಕರೆ ಚೌಕಾಶಿ ಮಾಡದೆ ತೆಗೆದುಕೊಳ್ಳಿ. ಮುಂದಿನ ಚುನಾವಣೆಗೆ ಮತ ಕೇಳಲು ಬಂದವರಿಗೆ ಹಗಲು ಹೊತ್ತು ಕಾಫಿ ಕೊಟ್ಟು ಕಳಿಸಬೇಡಿ. ರಾತ್ರಿ ಎರಡಕ್ಕೆ ಬನ್ನಿ ಅನ್ನಿ, ಬದುವಿನ ಮೇಲೆ ಮುಂದೆ ಬಿಟ್ಟುಕೊಂಡು ಸ್ಟಾರ್ಟರ್ ಡಬ್ಬದವರೆಗೆ ಕರೆದುಕೊಂಡು ಹೋಗಿ. ಬ್ಯಾಟ್ರಿ ಅವರೇ ತರಲಿ.